ಕೇಳದ ಅಕ್ಷರ, ಕಾಣದ ಮಾತು: ಕನ್ನಡ ಪಠ್ಯದ ರೂಪ ಮತ್ತು ಅಂಗವಿಕಲರ ಉನ್ನತ ಶಿಕ್ಷಣದ ಚರಿತ್ರೆ

ಪ್ರವೇಶ

ಕನ್ನಡದ ಆಡುಮಾತಿನಲ್ಲಿ ವ್ಯರ್ಥ ಪ್ರಯತ್ನವನ್ನು ಸೂಚಿಸಲು ‘ಕಿವುಡನ ಮುಂದೆ ಶಂಖ ಊದಿದಂತೆ’, ‘ಕುರುಡನಿಗೆ ಕನ್ನಡಿ ಹಿಡಿದಂತೆ’ ಎಂಬ ಹೋಲಿಕೆಗಳು ಬಳಕೆಯಲ್ಲಿವೆ. ಮೇಲುನೋಟಕ್ಕೆ ಇವು ಕೇಳದವನ ಮತ್ತು ಕಾಣದವನ ಕೊರತೆಯನ್ನು ಎತ್ತಿ ಆಡುವ ಮಾತುಗಳು. ಸ್ವಲ್ಪ ನಿಂತು ನೋಡಿದರೆ ಅವುಗಳೊಳಗೆ ಮತ್ತೊಂದು ಸಂಗತಿಯೂ ಅಡಗಿದೆ. ಶಂಖವನ್ನು ಆಯ್ದುಕೊಂಡವನು ಊದಿದವನೇ ಹೊರತು ಕಿವುಡನಲ್ಲ. ಕನ್ನಡಿಯನ್ನು ತಂದವನು ಹಿಡಿದವನೇ ಹೊರತು ಕುರುಡನಲ್ಲ. ಮಾಧ್ಯಮದ ಆಯ್ಕೆ ಒಬ್ಬನದು, ಅದರ ವೈಫಲ್ಯದ ಹೊಣೆ ಮಾತ್ರ ಇನ್ನೊಬ್ಬನದು. ಅಂಗವಿಕಲ ವಿದ್ಯಾರ್ಥಿಗಳ ಶಿಕ್ಷಣದ ಚರಿತ್ರೆಯನ್ನು ಬಹುಮಟ್ಟಿಗೆ ಈ ತಪ್ಪು ಹೊಣೆಗಾರಿಕೆಯ ಚರಿತ್ರೆಯೆಂದೇ ಓದಬಹುದು.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಇವರನ್ನು ಕರೆಯುವ ಹೆಸರುಗಳು ಕಾಲಕಾಲಕ್ಕೆ ಬದಲಾಗಿವೆ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಪದಗಳು ಒಂದರ ಹಿಂದೆ ಒಂದು ಬಂದಿವೆ. ಆದರೆ ಪದ ಬದಲಾದ ಮಾತ್ರಕ್ಕೆ ಪುಸ್ತಕದ ರೂಪ ಬದಲಾಗುವುದಿಲ್ಲ. ಕಾಲೇಜಿನ ಪಠ್ಯವು ಯಾವ ರೂಪದಲ್ಲಿ ಸಿದ್ಧವಾಯಿತು, ಆ ರೂಪವು ಯಾರನ್ನು ಒಳಗೆ ಬಿಟ್ಟುಕೊಂಡಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂಬುದನ್ನು ಕನ್ನಡದ ಸಂದರ್ಭದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ದೃಷ್ಟಿ ಮತ್ತು ಶ್ರವಣಕ್ಕೆ ಸಂಬಂಧಿಸಿದ ಅಂಗವೈಕಲ್ಯಗಳನ್ನು ಇಲ್ಲಿ ಮುಖ್ಯವಾಗಿ ಗಮನಿಸಲಾಗಿದೆ.

ಕೇಳಿ ಕಲಿಯುವ ಪರಂಪರೆ

ಅಚ್ಚಿನ ಪುಸ್ತಕವು ಕನ್ನಡ ನಾಡಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೂ ಮೊದಲು, ಅನಂತರವೂ ಬಹುಕಾಲ, ಹೆಚ್ಚಿನ ಜನರ ಪಾಲಿಗೆ ಕಾವ್ಯ ಪುರಾಣಗಳು ಕಿವಿಯ ವಿದ್ಯೆಗಳೇ ಆಗಿದ್ದವು. ಗುಡಿಯ ಜಗಲಿಯಲ್ಲಿ, ಊರಿನ ಚಾವಡಿಯಲ್ಲಿ ಒಬ್ಬರು ಭಾರತವನ್ನು ವಾಚಿಸುವುದು, ಮತ್ತೊಬ್ಬರು ಅರ್ಥ ಹೇಳುವುದು, ಊರವರು ಕುಳಿತು ಕೇಳುವುದು ವಾಡಿಕೆ. ಮಲೆ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು, ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು, ಜುಂಜಪ್ಪನ ಕಾವ್ಯವನ್ನು ಕಾಡುಗೊಲ್ಲರು ಬರಹದ ನೆರವಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಇಂಥ ಕಲಿಕೆಯಲ್ಲಿ ಅಕ್ಷರ ಕಾಣುವವನಿಗೂ ಕಾಣದವನಿಗೂ ಅಂತರವಿರಲಿಲ್ಲ. ಕಣ್ಣಿಲ್ಲದವನೂ ಮೇಳದ ಮೊದಲ ಸಾಲಿನಲ್ಲಿ ಕೂರಬಹುದಾಗಿತ್ತು, ಮುಮ್ಮೇಳದಲ್ಲಿ ನಿಂತು ಹಾಡಬಹುದಾಗಿತ್ತು.

ಈ ಶ್ರವಣ ಪರಂಪರೆಯನ್ನು ಸಂಸ್ಥೆಯ ರೂಪಕ್ಕೆ ತಂದ ದೊಡ್ಡ ನಿದರ್ಶನ ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು (1892–1944) ಮತ್ತು ಅವರ ಶಿಷ್ಯರಾದ, ಅವರಂತೆಯೇ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ವಿದ್ಯೆಗಳನ್ನು ಒಟ್ಟಿಗೆ ನೀಡಿದರು. ಇಲ್ಲಿ ಕಲಿಸುವವನೂ ಕಲಿಯುವವನೂ ಒಂದೇ ಮಾಧ್ಯಮವನ್ನು ಹಂಚಿಕೊಂಡಿದ್ದರು ಎಂಬುದು ಗಮನಾರ್ಹ. ಗುರುವಿಗೆ ಕಣ್ಣಿಲ್ಲದಿರುವಾಗ ಪಾಠವು ಕಣ್ಣನ್ನು ಅವಲಂಬಿಸುವ ಪ್ರಶ್ನೆಯೇ ಏಳುವುದಿಲ್ಲ. ಅಂಗವಿಕಲರೇ ಶಿಕ್ಷಣದ ರೂಪವನ್ನು ನಿರ್ಧರಿಸಿದಾಗ ಅಡೆತಡೆಗಳು ಎಷ್ಟು ಸಹಜವಾಗಿ ಇಲ್ಲವಾಗುತ್ತವೆ ಎಂಬುದಕ್ಕೆ ಇದು ನಾಡಿನೊಳಗಿನ ಸಾಕ್ಷಿ.

ಆದರೂ ಈ ಪರಂಪರೆಯನ್ನು ಆದರ್ಶವೆಂದು ಪೂರ್ತಿಯಾಗಿ ಒಪ್ಪಿಬಿಡುವಂತಿಲ್ಲ. ಕಿವಿಯ ವಿದ್ಯೆಯಲ್ಲಿ ಕಿವುಡರಿಗೆ ಸ್ಥಾನವಿರಲಿಲ್ಲ. ಅಲ್ಲದೆ ಕೇಳಿ ಕಲಿಯುವವನು ಸದಾ ಹೇಳುವವನ ಬಿಡುವನ್ನು ಕಾಯಬೇಕು. ಪುಟ ಹಿಂದಕ್ಕೆ ತಿರುಗಿಸುವುದು, ಎರಡು ಗ್ರಂಥಗಳನ್ನು ಹೋಲಿಸುವುದು, ಉಲ್ಲೇಖವನ್ನು ತಾನೇ ಪರೀಕ್ಷಿಸುವುದು ಅವನಿಂದಾಗದು. ಹಾಡಿನ ಕಲಿಕೆಗೆ ಇದು ದೊಡ್ಡ ತೊಡಕಲ್ಲದಿರಬಹುದು. ಕಾಲೇಜಿನ ಓದಿಗೆ, ಅದರಲ್ಲಿಯೂ ಸಂಶೋಧನೆಗೆ, ಇದು ಮೂಲಭೂತ ತೊಡಕು. ಸ್ವತಂತ್ರವಾಗಿ ಓದುವ ಸಾಧನವೊಂದು ಬೇಕಾಗಿತ್ತು.

ಆರು ಚುಕ್ಕಿಗಳ ಅಕ್ಷರಮಾಲೆ

ಅಂಥ ಸಾಧನ ಹುಟ್ಟಿದ್ದು ಫ್ರಾನ್ಸಿನಲ್ಲಿ. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಅದರ ಸ್ಥಾಪಕ ವ್ಯಾಲೆಂಟಿನ್ ಹಾಯ್ ರೋಮನ್ ಅಕ್ಷರಗಳನ್ನೇ ಉಬ್ಬಿಸಿ ಮುದ್ರಿಸಿದ ಪುಸ್ತಕಗಳನ್ನು ಬಳಕೆಗೆ ತಂದಿದ್ದರು. ಕಣ್ಣಿಗಾಗಿ ರೂಪುಗೊಂಡ ಆಕಾರವನ್ನು ಬೆರಳಿಗೆ ಒಗ್ಗಿಸುವ ಆ ಪ್ರಯತ್ನದಲ್ಲಿ ಓದು ನಿಧಾನವಾಗಿತ್ತು, ಬರೆಯುವುದಂತೂ ಅಸಾಧ್ಯವೇ ಆಗಿತ್ತು. 1809ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆಯ ಚರ್ಮದ ಕೆಲಸದ ಅಂಗಡಿಯಲ್ಲಾದ ಅಪಘಾತದಿಂದ ದೃಷ್ಟಿ ಕಳೆದುಕೊಂಡ ಲೂಯಿ ಬ್ರೈಲ್, 1819ರಲ್ಲಿ ಈ ಶಾಲೆಯನ್ನು ಸೇರಿದರು. ಚಾರ್ಲ್ಸ್ ಬಾರ್ಬಿಯೆ ಎಂಬ ಸೇನಾಧಿಕಾರಿ ರೂಪಿಸಿದ್ದ ಚುಕ್ಕಿ ಬರಹವನ್ನು ಅವರು ಆರು ಚುಕ್ಕಿಗಳಿಗೆ ಇಳಿಸಿ, ಬೆರಳ ತುದಿಯೊಂದರ ಅಳತೆಗೆ ಹೊಂದಿಸಿದರು. 1829ರಲ್ಲಿ ಅದನ್ನು ಪ್ರಕಟಿಸಿದರು. ಬ್ರೈಲ್ ತೀರಿಕೊಂಡದ್ದು 1852ರಲ್ಲಿ. ಅವರ ಶಾಲೆ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಕಾಣುವ ಅಧ್ಯಾಪಕರಿಗೆ ಅಪರಿಚಿತವಾಗಿತ್ತೆಂಬ ಕಾರಣಕ್ಕೆ ಕಾಣದ ವಿದ್ಯಾರ್ಥಿಗಳಿಗೆ ಅನುಕೂಲವಾದ ಲಿಪಿಯು ವರ್ಷಗಟ್ಟಲೆ ಕಾಯಬೇಕಾಯಿತು.

ಭಾರತದಲ್ಲಿ ಅಂಧರ ಮೊದಲ ಶಾಲೆ 1887ರಲ್ಲಿ ಆನಿ ಶಾರ್ಪ್ ಎಂಬ ಮಿಷನರಿಯಿಂದ ಅಮೃತಸರದಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಅಂಧರ ಮತ್ತು ಕಿವುಡರ ಶಾಲೆ 1901ರಲ್ಲಿ ಹುಟ್ಟಿಕೊಂಡಿತು. ಆದರೆ ದೇಶದ ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಚುಕ್ಕಿ ಸಂಕೇತಗಳು ಬಳಕೆಯಲ್ಲಿದ್ದುದರಿಂದ ಒಂದು ಶಾಲೆಯ ಪುಸ್ತಕ ಮತ್ತೊಂದು ಶಾಲೆಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಸ್ವಾತಂತ್ರ್ಯಾನಂತರ ಯುನೆಸ್ಕೋದ ನೆರವಿನಿಂದ ನಡೆದ ಸಮಾಲೋಚನೆಗಳ ಫಲವಾಗಿ 1951ರಲ್ಲಿ ‘ಭಾರತಿ ಬ್ರೈಲ್’ ಎಂಬ ಏಕರೂಪದ ಸಂಕೇತ ನೆಲೆಗೊಂಡಿತು. ಅದೇ ವರ್ಷ ಡೆಹ್ರಾಡೂನಿನಲ್ಲಿ ಕೇಂದ್ರೀಯ ಬ್ರೈಲ್ ಮುದ್ರಣಾಲಯ ಸ್ಥಾಪನೆಯಾಯಿತು.

ಭಾರತಿ ಬ್ರೈಲಿನ ರಚನಾತತ್ತ್ವವು ಕನ್ನಡದ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾದುದು. ಇದರಲ್ಲಿ ಕನ್ನಡದ ‘ಕ’ಕಾರಕ್ಕೂ ಹಿಂದಿ, ತೆಲುಗು, ಬಂಗಾಳಿಗಳ ‘ಕ’ಕಾರಕ್ಕೂ ಒಂದೇ ಚುಕ್ಕಿವಿನ್ಯಾಸ. ಗುಣಿತಾಕ್ಷರವನ್ನು ವ್ಯಂಜನ, ಅದರ ಮುಂದೆ ಸ್ವರ ಎಂಬ ಕ್ರಮದಲ್ಲಿ ಬಿಡಿಸಿ ಬರೆಯಲಾಗುತ್ತದೆ. ಒತ್ತಕ್ಷರವನ್ನು ಕೆಳಗೆ ಬರೆಯುವ ಪ್ರಶ್ನೆಯೇ ಇಲ್ಲ. ಸ್ವರವಿಲ್ಲದ ವ್ಯಂಜನದ ಹಿಂದೆ ಹಲಂತದ ಚುಕ್ಕಿಯೊಂದು ಬರುತ್ತದೆ. ‘ಕನ್ನಡ’ ಎಂಬ ಪದ ಬ್ರೈಲಿನಲ್ಲಿ ಕ, ಹಲಂತ, ನ, ನ, ಡ ಎಂಬ ಐದು ಕೋಶಗಳಾಗುತ್ತದೆ. ಅಂದರೆ ಬ್ರೈಲ್ ಲಿಪಿಯು ಕನ್ನಡ ಅಕ್ಷರದ ಆಕಾರವನ್ನು ಕೈಬಿಟ್ಟು, ನಾಲಗೆಯ ಮೇಲೆ ನಡೆಯುವ ಧ್ವನಿಯ ಕ್ರಮವನ್ನು ಹಿಡಿದುಕೊಂಡಿತು. ಕೊಂಬು, ದೀರ್ಘ, ತಲೆಕಟ್ಟು, ಒತ್ತುಗಳೆಲ್ಲ ಕಣ್ಣಿನ ಅಗತ್ಯಗಳು. ಧ್ವನಿಯೇ ಭಾಷೆಯ ಮೂಲದ್ರವ್ಯ ಎಂಬುದನ್ನು ಅಂಧರ ಲಿಪಿ ಕಾಣುವವರ ಲಿಪಿಗಿಂತ ನೇರವಾಗಿ ತೋರಿಸಿಕೊಟ್ಟಿತು.

ಬ್ರೈಲ್ ಶಾಲಾ ಶಿಕ್ಷಣವನ್ನು ಸಾಧ್ಯವಾಗಿಸಿದಷ್ಟು ಕಾಲೇಜು ಶಿಕ್ಷಣವನ್ನು ಸಾಧ್ಯವಾಗಿಸಲಿಲ್ಲ. ಬ್ರೈಲ್ ಪುಟವೊಂದರಲ್ಲಿ ಸಾಮಾನ್ಯವಾಗಿ 25 ಸಾಲು, ಸಾಲಿಗೆ 40 ಕೋಶ ಮಾತ್ರ ಹಿಡಿಯುತ್ತವೆ. ಕೈಯಲ್ಲಿ ಹಿಡಿಯಬಹುದಾದ ಅಚ್ಚಿನ ಪುಸ್ತಕ ಬ್ರೈಲಿಗೆ ಬಂದಾಗ ಹಲವು ದಪ್ಪ ಸಂಪುಟಗಳಾಗುತ್ತದೆ. ಶಾಲೆಯ ಪಠ್ಯಪುಸ್ತಕವನ್ನು ಬ್ರೈಲಿಗೆ ತಂದರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. ಪದವಿ ತರಗತಿಯ ಪರಾಮರ್ಶನ ಗ್ರಂಥಗಳಿಗೆ ಆ ಅನುಕೂಲವಿಲ್ಲ. ಹೀಗಾಗಿ ಕಾಲೇಜಿಗೆ ಬಂದ ಅಂಧ ವಿದ್ಯಾರ್ಥಿ ಮತ್ತೆ ಕಿವಿಯ ವಿದ್ಯೆಗೇ ಮರಳಬೇಕಾಯಿತು. ಸಹಪಾಠಿಗಳು, ಸ್ವಯಂಸೇವಕರು ಓದಿ ಹೇಳಿದ್ದನ್ನು ಕೇಳುವುದು, ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು, ಪರೀಕ್ಷೆಯಲ್ಲಿ ಲಿಪಿಕಾರರಿಗೆ ಹೇಳಿ ಬರೆಸುವುದು ರೂಢಿಯಾಯಿತು. ತರಗತಿಯಲ್ಲಿ ಟಿಪ್ಪಣಿ ಹೇಳಿ ಬರೆಸುವ ಪದ್ಧತಿ ಶಿಕ್ಷಣತಜ್ಞರ ಟೀಕೆಗೆ ಗುರಿಯಾಗಿದೆ. ಆದರೆ ಅಂಧ ವಿದ್ಯಾರ್ಥಿಗೆ ಆ ಟಿಪ್ಪಣಿಯೇ ಎಷ್ಟೋ ಸಲ ಏಕೈಕ ಪಠ್ಯವಾಗಿತ್ತು. ಅದೇ ತರಗತಿಯಲ್ಲಿದ್ದ ಕಿವುಡ ವಿದ್ಯಾರ್ಥಿಗೆ ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ.

ಕೈಯ ಭಾಷೆ

ಕಿವುಡರ ಶಿಕ್ಷಣದ ಚರಿತ್ರೆ ಬೇರೊಂದು ದಾರಿಯಲ್ಲಿ ಸಾಗಿತು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು ಸಂಜ್ಞೆಗಳನ್ನು ಬಿಟ್ಟು, ತುಟಿಯ ಚಲನೆಯನ್ನು ಓದಿ ಮಾತನಾಡಲು ಕಲಿಸುವ ವಿಧಾನವೇ ಶ್ರೇಷ್ಠವೆಂದು ನಿರ್ಣಯಿಸಿತು. ಈ ನಿರ್ಣಯದ ಪ್ರಭಾವ ಜಗತ್ತಿನ ಬಹುಪಾಲು ಕಿವುಡರ ಶಾಲೆಗಳ ಮೇಲಾಯಿತು. ಅದರ ಬಗ್ಗೆ ಇಂಥದೇ ಅಂತರರಾಷ್ಟ್ರೀಯ ಸಮ್ಮೇಳನ ಕೆನಡಾದ ವ್ಯಾಂಕೂವರಿನಲ್ಲಿ ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ; ಅಷ್ಟರಲ್ಲಿ 130 ವರ್ಷಗಳು ಕಳೆದಿದ್ದವು.

1970ರ ದಶಕದ ಕೊನೆಯಲ್ಲಿ ಮದನ್ ವಸಿಷ್ಠ ಹಾಗೂ ಅವರ ಸಹೋದ್ಯೋಗಿಗಳು ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಕಿವುಡರ ನಡುವೆ ಬಳಕೆಯಲ್ಲಿದ್ದ ಸಂಜ್ಞೆಗಳನ್ನು ದಾಖಲಿಸಿ, ಇವು ಬಿಡಿಬಿಡಿ ಸನ್ನೆಗಳಲ್ಲ, ತಮ್ಮದೇ ವ್ಯಾಕರಣವುಳ್ಳ ಭಾಷೆ ಎಂಬುದನ್ನು ತೋರಿಸಿದರು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶ್ರವಣದೋಷದ ಪತ್ತೆ, ಚಿಕಿತ್ಸೆ, ತರಬೇತಿಗಳಲ್ಲಿ ದೇಶಕ್ಕೇ ಮಾದರಿಯಾಯಿತು. ಸಂಜ್ಞಾಭಾಷೆಗೆ ಮೀಸಲಾದ ರಾಷ್ಟ್ರೀಯ ಸಂಸ್ಥೆಯಾದ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ಸ್ಥಾಪನೆಯಾದದ್ದು 2015ರಲ್ಲಿ. ಅದು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದಿತು; 2021ರ ಹೊತ್ತಿಗೆ ಪದಗಳ ಸಂಖ್ಯೆ 10,000ಕ್ಕೆ ಏರಿತು.

ಇಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿಯೊಂದಿದೆ. ಹುಟ್ಟಿನಿಂದ ಕಿವುಡನಾದ, ಸಂಜ್ಞಾಭಾಷೆಯಲ್ಲಿ ಬೆಳೆದ ಕನ್ನಡ ನಾಡಿನ ವಿದ್ಯಾರ್ಥಿಗೆ ಕನ್ನಡವು ಎರಡನೆಯ ಭಾಷೆ. ಆದ್ದರಿಂದ ಪಾಠವನ್ನು ಬರಹದಲ್ಲಿ ಕೊಟ್ಟ ಮಾತ್ರಕ್ಕೆ ಅವನ ತೊಡಕು ಪರಿಹಾರವಾಗುವುದಿಲ್ಲ. ಇಳಿವಯಸ್ಸಿನಲ್ಲಿ ಶ್ರವಣಶಕ್ತಿ ಕುಂದಿದವರಿಗೆ ಅಡಿಬರಹ ಸಾಕು. ಸಂಜ್ಞಾಭಾಷೆಯೇ ಮೊದಲ ಭಾಷೆಯಾದವರಿಗೆ ಸಂಜ್ಞೆಯ ಅನುವಾದಕರೂ ಬೇಕು. ಉನ್ನತ ಶಿಕ್ಷಣದ ಪಾರಿಭಾಷಿಕ ಪದಗಳಿಗೆ ಒಪ್ಪಿತ ಸಂಜ್ಞೆಗಳು ಬೆಳೆಯಬೇಕಾದ ಅಗತ್ಯವೂ ಇದರೊಂದಿಗೆ ಸೇರಿಕೊಂಡಿದೆ.

ಗಣಕದಲ್ಲಿ ಕನ್ನಡ: ಆಕಾರ ಮತ್ತು ಧ್ವನಿ

ಗಣಕಯಂತ್ರದ ಆಗಮನವು ಅಂಧ ವಿದ್ಯಾರ್ಥಿಗಳ ಓದಿನ ಚರಿತ್ರೆಯಲ್ಲಿ ಬ್ರೈಲಿನಷ್ಟೇ ದೊಡ್ಡ ತಿರುವು. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಇಂಗ್ಲಿಷಿನಲ್ಲಿ 1990ರ ದಶಕದಲ್ಲಿಯೇ ಪ್ರಚಾರಕ್ಕೆ ಬಂದವು. ಆಸ್ಟ್ರೇಲಿಯಾದ ಅಂಧ ತಂತ್ರಜ್ಞ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶವು ಉಚಿತವಾಗಿ ದೊರೆತದ್ದರಿಂದ ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೂ ಈ ಸೌಲಭ್ಯ ದಕ್ಕಿತು. ಇ-ಸ್ಪೀಕ್ ಎಂಬ ಮುಕ್ತ ಧ್ವನಿ ತಂತ್ರಾಂಶದ ಮೂಲಕ ಕನ್ನಡವನ್ನೂ ಗಣಕ ಓದತೊಡಗಿತು. ಉಚ್ಚಾರ ಯಾಂತ್ರಿಕವಾಗಿದ್ದರೂ ಅಂಧ ಓದುಗನೊಬ್ಬ ಯಾರ ಬಿಡುವನ್ನೂ ಕಾಯದೆ, ಬೇಕಾದ ಪುಟಕ್ಕೆ ಹೋಗಿ, ಬೇಕಾದ ಸಾಲನ್ನು ಮತ್ತೆ ಕೇಳುವುದು ಮೊದಲ ಬಾರಿಗೆ ಸಾಧ್ಯವಾಯಿತು.

ಆದರೆ ಕನ್ನಡದ ಪಠ್ಯ ಇದಕ್ಕೆ ಸಿದ್ಧವಾಗಿರಲಿಲ್ಲ. ಕನ್ನಡವನ್ನು ಗಣಕಕ್ಕೆ ತಂದ ಆರಂಭದ ತಂತ್ರಾಂಶಗಳ ಸೇವೆ ದೊಡ್ಡದು. ಬರಹ, ನುಡಿ ಮುಂತಾದವು ಇಲ್ಲದಿದ್ದರೆ ಕನ್ನಡದ ಕಚೇರಿ ಕೆಲಸ, ಅಚ್ಚುಕೆಲಸಗಳು ಅಷ್ಟು ಬೇಗ ಗಣಕಕ್ಕೆ ಒಗ್ಗುತ್ತಿರಲಿಲ್ಲ. ಆ ಕಾಲದ ತಾಂತ್ರಿಕ ಮಿತಿಯೊಳಗೆ ಅವು ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾಗಿದ್ದ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ಚೂರುಗಳನ್ನು ಕೂರಿಸಿದ್ದವು. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದರೆ ಕಾಣುವವರ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಗಣಕದ ಒಳಗೆ ಇರುವುದು ಮಾತ್ರ ಏಳು ಚೂರುಗಳು: ರೋಮನ್ ಅಕ್ಷರ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಗೀಟಿರುವ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ರೋಮನ್ ಅಕ್ಷರ ಕ್ಯೂ, ಮಗದೊಮ್ಮೆ ಗೀಟಿರುವ ಎ. ಪರದೆ ಓದುವ ತಂತ್ರಾಂಶಕ್ಕೆ ಕಣ್ಣಿಲ್ಲ. ಅದು ಒಳಗಿರುವುದನ್ನಷ್ಟೇ ಓದಬಲ್ಲದು. ಅಂಧ ವಿದ್ಯಾರ್ಥಿಯ ಕಿವಿಗೆ ಬೀಳುವುದು ಅರ್ಥವಿಲ್ಲದ ಆ ಚೂರುಗಳ ಸರಣಿ.

ಯೂನಿಕೋಡ್ ಶಿಷ್ಟತೆಯಲ್ಲಿ ಇದೇ ಪದ ಕ, ನ, ಹಲಂತ, ನ, ಡ ಎಂಬ ಐದು ಸಂಕೇತಗಳಾಗಿ ಉಳಿಯುತ್ತದೆ. ಹಲಂತದ ಸ್ಥಾನವೊಂದನ್ನು ಬಿಟ್ಟರೆ ಇದು ಭಾರತಿ ಬ್ರೈಲಿನ ಕ್ರಮವೇ ಆಗಿದೆ. ಅರ್ಧ ಶತಮಾನದ ಹಿಂದೆ ಬ್ರೈಲ್ ಕಂಡುಕೊಂಡಿದ್ದ ಧ್ವನಿಯ ದಾರಿಗೆ ಗಣಕದ ಕನ್ನಡವು ಆಕಾರದ ಸುತ್ತುದಾರಿಯಿಂದ ಬಂದು ಸೇರಿತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಅಕ್ಷರವಿನ್ಯಾಸವೂ ಇತ್ತು. ಮುಂದೆ ಸರ್ಕಾರವೂ ಯೂನಿಕೋಡನ್ನು ಒಪ್ಪಿತು, ಹಳೆಯ ಕಡತಗಳನ್ನು ಬದಲಾಯಿಸುವ ಪರಿವರ್ತಕಗಳೂ ಬಂದವು. ಆದರೂ ಪುಟವಿನ್ಯಾಸದ ಕೆಲಸದಲ್ಲಿ ಹಳೆಯ ವಿನ್ಯಾಸಗಳ ರೂಢಿ ಬಹುಕಾಲ ಉಳಿಯಿತು. ಆ ವರ್ಷಗಳಲ್ಲಿ ಸಿದ್ಧವಾದ ಪಠ್ಯಗಳು, ಸಂಶೋಧನ ಪ್ರಬಂಧಗಳು, ಸ್ಮರಣ ಸಂಪುಟಗಳು ಕಣ್ಣಿಗೆ ಮಾತ್ರ ಕನ್ನಡವಾಗಿ ಉಳಿದವು.

ಎರಡನೆಯ ತೊಡಕು ಪುಟದ ಚಿತ್ರಗಳದು. ಭಾರತೀಯ ಡಿಜಿಟಲ್ ಗ್ರಂಥಾಲಯದಂಥ ಯೋಜನೆಗಳಲ್ಲಿ ಸಾವಿರಾರು ಹಳೆಯ ಕನ್ನಡ ಗ್ರಂಥಗಳು ಗಣಕೀಕರಣಗೊಂಡವು. ಅಪೂರ್ವ ಗ್ರಂಥಗಳು ನಾಶವಾಗದೆ ಉಳಿದವು ಎಂಬುದು ನಿಜವಾದ ಲಾಭ. ಆದರೆ ಅವು ಪುಟದ ಛಾಯಾಚಿತ್ರಗಳು. ಅವುಗಳೊಳಗೆ ಅಕ್ಷರವೇ ಇಲ್ಲ. ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸುವ ತಂತ್ರಾಂಶ ಇಂಗ್ಲಿಷಿಗೆ ಬೇಗ ಒದಗಿತು. ಕನ್ನಡದ ಒತ್ತಕ್ಷರ, ಗುಣಿತಗಳ ಜೋಡಣೆಯಿಂದಾಗಿ ಇಲ್ಲಿ ಕೆಲಸ ಕಠಿನವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’ ಈ ದಿಕ್ಕಿನ ಗಮನಾರ್ಹ ಪ್ರಯತ್ನ. ಇಂಥ ತಂತ್ರಾಂಶ ಎಷ್ಟು ನಿಖರವಾಗಿದ್ದರೂ ಹಳಗನ್ನಡ ಪದ್ಯದಲ್ಲಿ, ಪ್ರಾದೇಶಿಕ ನುಡಿಯ ಜನಪದ ಪಠ್ಯದಲ್ಲಿ ತಿದ್ದುವ ಮನುಷ್ಯರ ಕೈ ಅನಿವಾರ್ಯ.

ಕಾನೂನಿನ ಹಾದಿ

ಕಾನೂನಿನ ಚರಿತ್ರೆಯಲ್ಲಿಯೂ ದಯೆಯಿಂದ ಹಕ್ಕಿನ ಕಡೆಗೆ ಸಾಗಿದ ನಡೆಯನ್ನು ಕಾಣಬಹುದು. 1995ರ ಅಂಗವಿಕಲರ ಅಧಿನಿಯಮವು ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಮತ್ತು ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 3ರಷ್ಟು ಸ್ಥಾನಗಳನ್ನು ಕಾಯ್ದಿರಿಸಿತು. 2006ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು. ಅದರ ಫಲವಾಗಿ ಬಂದ 2016ರ ಅಧಿನಿಯಮವು ಅಂಗವೈಕಲ್ಯದ ಬಗೆಗಳನ್ನು 21ಕ್ಕೆ ಏರಿಸಿತು, ಸರ್ಕಾರಿ ಹಾಗೂ ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರ ಮೀಸಲಾತಿ ನೀಡಿತು, ಶ್ರಾವ್ಯ, ಮುದ್ರಿತ, ವಿದ್ಯುನ್ಮಾನ ಮಾಧ್ಯಮಗಳ ವಿಷಯವೆಲ್ಲವೂ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕೆಂದು ವಿಧಿಸಿತು.

ಪುಸ್ತಕಗಳ ಮಟ್ಟಿಗೆ ನಿರ್ಣಾಯಕವಾದದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿ. ಅಲ್ಲಿಯವರೆಗೆ ಕೃತಿಸ್ವಾಮ್ಯವಿರುವ ಪುಸ್ತಕವನ್ನು ಅಂಗವಿಕಲರಿಗೆ ಎಟುಕುವ ರೂಪಕ್ಕೆ ತರಲು ಹಕ್ಕುದಾರರ ಅನುಮತಿಯ ತೊಡಕಿತ್ತು. ಲಾಭದ ಉದ್ದೇಶವಿಲ್ಲದೆ ಮಾಡುವ ಇಂಥ ಪರಿವರ್ತನೆಗೆ ತಿದ್ದುಪಡಿಯು ವಿನಾಯಿತಿ ನೀಡಿತು. 2013ರಲ್ಲಿ ಇದೇ ಉದ್ದೇಶದ ಮರಾಕೇಶ್ ಒಪ್ಪಂದ ರೂಪುಗೊಂಡಾಗ ಅದನ್ನು 2014ರಲ್ಲಿ ಜಗತ್ತಿನಲ್ಲಿಯೇ ಮೊದಲಿಗೆ ಸ್ಥಿರೀಕರಿಸಿದ ದೇಶ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರಜಾಲ ಗ್ರಂಥಾಲಯ ಆರಂಭವಾಯಿತು.

ನ್ಯಾಯಾಲಯಗಳೂ ಈ ನಡೆಗೆ ಬಲ ನೀಡಿದವು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲಾತಿಯ ಪಾಲನೆಯ ಜೊತೆಗೆ ಕಟ್ಟಡ ಹಾಗೂ ಬೋಧನೆಯ ಸುಗಮತೆಯ ಬಗೆಗೂ ನಿರ್ದೇಶನ ನೀಡಿತು. 2021ರ ವಿಕಾಶ್ ಕುಮಾರ್ ಪ್ರಕರಣದಲ್ಲಿ, ಬರೆಯುವ ತೊಂದರೆಯುಳ್ಳ ಅಭ್ಯರ್ಥಿಗೆ ಲಿಪಿಕಾರರ ನೆರವು ನಿರಾಕರಿಸಲಾಗದೆಂದು ಹೇಳಿ, ಯುಕ್ತ ಅನುಕೂಲ ಕಲ್ಪಿಸದಿರುವುದೂ ತಾರತಮ್ಯವೆಂದು ಸ್ಪಷ್ಟಪಡಿಸಿತು. 2024ರ ರಾಜೀವ್ ರಾತುರಿ ಪ್ರಕರಣದಲ್ಲಿ ಸುಗಮತೆಯ ನಿಯಮಗಳು ಕೇವಲ ಸಲಹೆಗಳಾಗಿರಲಾರವು, ಅವುಗಳಲ್ಲಿ ಕಡ್ಡಾಯದ ತಿರುಳಿರಬೇಕು ಎಂದಿತು. 2025ರ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೇವೆಗಳ ಎಟುಕುವಿಕೆಯನ್ನು ಸಂವಿಧಾನದ 21ನೆಯ ವಿಧಿಯ ಬದುಕಿನ ಹಕ್ಕಿನೊಂದಿಗೆ ಜೋಡಿಸಿತು.

ದೂರದ ತರಗತಿ

2020ರ ಮಾರ್ಚಿನಲ್ಲಿ ಕಾಲೇಜುಗಳು ಮುಚ್ಚಿ ಪಾಠಗಳು ಅಂತರಜಾಲಕ್ಕೆ ಸಾಗಿದಾಗ, ಅದುವರೆಗೆ ಮರೆಯಲ್ಲಿದ್ದ ತೊಡಕುಗಳೆಲ್ಲ ಒಮ್ಮೆಲೇ ಬಯಲಾದವು. ಕೈಬರಹದ ಟಿಪ್ಪಣಿಯ ಛಾಯಾಚಿತ್ರವನ್ನು ವಾಟ್ಸಾಪಿನಲ್ಲಿ ಹಂಚುವುದು ಕಾಣುವ ವಿದ್ಯಾರ್ಥಿಗೆ ಸುಲಭದ ದಾರಿ, ಕಾಣದವನಿಗೆ ಖಾಲಿ ಹಾಳೆ. ‘ಇಲ್ಲಿ ನೋಡಿ, ಇದು ಇದಕ್ಕಿಂತ ಹೆಚ್ಚಾಗಿದೆ’ ಎಂದು ಪರದೆಯ ಮೇಲಿನ ಕೋಷ್ಟಕವನ್ನು ತೋರಿಸುತ್ತ ಸಾಗುವ ಪಾಠದಲ್ಲಿ ‘ಇಲ್ಲಿ’ ಎಂಬುದಕ್ಕೂ ‘ಇದು’ ಎಂಬುದಕ್ಕೂ ಕೇಳುಗನ ಪಾಲಿಗೆ ಅರ್ಥವಿಲ್ಲ. ಅಡಿಬರಹವಿಲ್ಲದ ದೃಶ್ಯಪಾಠ ಕಿವುಡರಿಗೆ ಮೂಕಚಿತ್ರ. ಅಧ್ಯಾಪಕರ ಮುಖ ಪರದೆಯ ಮೂಲೆಯಲ್ಲಿ ಚಿಕ್ಕದಾಗಿದ್ದರೆ ತುಟಿ ಓದುವ ಸಾಧ್ಯತೆಯೂ ಇಲ್ಲವಾಗುತ್ತದೆ. ತರಗತಿಗಳು ಮರಳಿ ತೆರೆದಾಗ ಮುಖಗವಸು ಅದನ್ನು ಮತ್ತೆ ಕಸಿದುಕೊಂಡಿತು.

ಇದೇ ವ್ಯವಸ್ಥೆ ಕೆಲವರಿಗೆ ಅನುಕೂಲವನ್ನೂ ತಂದಿತು ಎಂಬುದನ್ನು ಮರೆಯಲಾಗದು. ಇಳಿಜಾರು ದಾರಿಯಿಲ್ಲದ ಕಟ್ಟಡದ ಎರಡನೆಯ ಮಹಡಿಯ ತರಗತಿಗೆ ಗಾಲಿಕುರ್ಚಿಯಲ್ಲಿ ಬರಬೇಕಾದ ವಿದ್ಯಾರ್ಥಿಗೆ ಮನೆಯಲ್ಲಿಯೇ ಪಾಠ ಕೇಳುವುದು ಸಾಧ್ಯವಾಯಿತು. ಧ್ವನಿಮುದ್ರಿತ ಉಪನ್ಯಾಸವನ್ನು ನಿಲ್ಲಿಸಿ ಮತ್ತೆ ಕೇಳುವ ಅವಕಾಶ ಕಲಿಕೆಯ ತೊಡಕುಳ್ಳವರಿಗೆ ನೆರವಾಯಿತು. ಹಿಂದೆ ‘ಸಾಧ್ಯವಿಲ್ಲ’ ಎಂದು ನಿರಾಕರಿಸಲಾಗುತ್ತಿದ್ದ ಅನುಕೂಲಗಳು, ಎಲ್ಲರಿಗೂ ಬೇಕಾದಾಗ ಕೆಲವೇ ವಾರಗಳಲ್ಲಿ ಸಾಧ್ಯವಾದವು.

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಗಮತೆಯ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅಂತರಜಾಲದ ವಿಷಯ ಹೇಗಿರಬೇಕೆಂಬ ಅಂತರರಾಷ್ಟ್ರೀಯ ಮಾನದಂಡ 1999ರಿಂದಲೂ ಇದೆ. ಗ್ರಹಿಸಲು, ನಿರ್ವಹಿಸಲು, ಅರ್ಥೈಸಿಕೊಳ್ಳಲು ಸಾಧ್ಯವಾಗಬೇಕು, ಬೇರೆ ಬೇರೆ ಸಾಧನಗಳಲ್ಲಿ ಕೆಡದೆ ನಿಲ್ಲಬೇಕು ಎಂಬ ನಾಲ್ಕು ತತ್ತ್ವಗಳ ಮೇಲೆ ಅದರ 2008ರ ಆವೃತ್ತಿ ನಿಂತಿದೆ. ಇವುಗಳಲ್ಲಿ ಹೆಚ್ಚಿನವು ದುಬಾರಿ ಯಂತ್ರಗಳನ್ನು ಬೇಡುವುದಿಲ್ಲ. ಪಠ್ಯವನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸುವುದು, ಶೀರ್ಷಿಕೆಯನ್ನು ಬರಿಯ ದಪ್ಪಕ್ಷರವಾಗಿಸದೆ ಶೀರ್ಷಿಕೆಯೆಂದೇ ಗುರುತಿಸುವುದು, ಚಿತ್ರಕ್ಕೆ ವಿವರಣೆ ಬರೆಯುವುದು, ತೋರಿಸಿದ್ದನ್ನು ಬಾಯಿಮಾತಿನಲ್ಲಿಯೂ ಹೇಳುವುದು, ಹೇಳಿದ್ದನ್ನು ಬರಹದಲ್ಲಿಯೂ ಕೊಡುವುದು ಅಧ್ಯಾಪಕರ ಅಭ್ಯಾಸಕ್ಕೆ ಸೇರಿದ ಸಂಗತಿಗಳು.

ಜಾನಪದ ತರಗತಿಯ ನಿದರ್ಶನ

ಜಾನಪದ ಅಧ್ಯಯನದ ತರಗತಿಯು ಈ ಎಲ್ಲ ಪ್ರಶ್ನೆಗಳೂ ಸೇರುವ ಸ್ಥಳವಾದ್ದರಿಂದ ಅದನ್ನು ನಿದರ್ಶನವಾಗಿ ನೋಡಬಹುದು. ಕಂಸಾಳೆಯವರ ಹಾಡಿನ ಧ್ವನಿಮುದ್ರಿಕೆ ಅಂಧ ವಿದ್ಯಾರ್ಥಿಗೆ ಅಚ್ಚಿನ ಪಠ್ಯಕ್ಕಿಂತ ಸಮೃದ್ಧವಾದ ಆಕರ. ಕಿವುಡ ವಿದ್ಯಾರ್ಥಿಗೆ ಅದು ಮುಚ್ಚಿದ ಬಾಗಿಲು. ಸೋಮನ ಕುಣಿತದ ಛಾಯಾಚಿತ್ರ, ವೀರಗಾಸೆಯ ದೃಶ್ಯಮುದ್ರಿಕೆಗಳ ಸ್ಥಿತಿ ಇದಕ್ಕೆ ವಿರುದ್ಧ. ಒಂದೇ ಆಕರ ಒಬ್ಬರಿಗೆ ದಾರಿ, ಇನ್ನೊಬ್ಬರಿಗೆ ತಡೆ. ಆದ್ದರಿಂದ ಎಟುಕುವಿಕೆಗೆ ಒಂದೇ ಒಂದು ಸರಿಯಾದ ರೂಪವಿಲ್ಲ. ಒಂದೇ ವಿಷಯ ಒಂದಕ್ಕಿಂತ ಹೆಚ್ಚು ರೂಪಗಳಲ್ಲಿ ದೊರೆಯಬೇಕು.

ಕುತೂಹಲದ ಸಂಗತಿಯೆಂದರೆ ಕ್ಷೇತ್ರಕಾರ್ಯದ ಶಿಸ್ತು ಇದನ್ನೇ ಹಿಂದಿನಿಂದ ಹೇಳುತ್ತ ಬಂದಿದೆ. ಹಾಡಿದ್ದನ್ನು ಹಾಡಿದಂತೆಯೇ ಲಿಪ್ಯಂತರಿಸಬೇಕು. ವಾದ್ಯದ ನಡೆ, ನಿಲುಗ��ೆ, ಕೇಳುಗರ ಪ್ರತಿಕ್ರಿಯೆಗಳನ್ನು ಟಿಪ್ಪಣಿಸಬೇಕು. ವೇಷ, ಬಣ್ಣ, ಚಲನೆಗಳನ್ನು ಕಾಣದವರಿಗೂ ಕಾಣುವಂತೆ ವರ್ಣಿಸಬೇಕು ಎಂಬುದು ಜಾನಪದ ಸಂಗ್ರಾಹಕರ ಪಾಠಗಳಲ್ಲಿ ಮೊದಲನೆಯದು. ಕ್ರಮಬದ್ಧವಾಗಿ ಲಿಪ್ಯಂತರಗೊಂಡ ಧ್ವನಿಮುದ್ರಿಕೆ ಕಿವುಡ ವಿದ್ಯಾರ್ಥಿಗೂ ತೆರೆದುಕೊಳ್ಳುತ್ತದೆ, ಸರಿಯಾಗಿ ವರ್ಣಿತವಾದ ಚಿತ್ರ ಅಂಧ ವಿದ್ಯಾರ್ಥಿಗೂ ತೆರೆದುಕೊಳ್ಳುತ್ತದೆ. ಅಂದರೆ ಅಂಗವಿಕಲರಿಗಾಗಿ ಮಾಡಬೇಕೆಂದು ಭಾವಿಸಲಾಗುವ ಕೆಲಸವು ಬಹುಮಟ್ಟಿಗೆ ಒಳ್ಳೆಯ ಸಂಶೋಧನೆಯ ಕೆಲಸವೇ ಆಗಿದೆ. ಲಿಪ್ಯಂತರವಿಲ್ಲದ, ವಿವರಣೆಯಿಲ್ಲದ ಸಂಗ್ರಹ ಮುಂದಿನ ತಲೆಮಾರಿನ ಎಲ್ಲ ಸಂಶೋಧಕರಿಗೂ ಅಷ್ಟೇ ದುರ್ಗಮ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ಯಾರಿಸ್ಸಿನ ಉಬ್ಬಕ್ಷರದಿಂದ ಹಿಡಿದು ಗಣಕದ ಅಕ್ಷರಚೂರುಗಳವರೆಗೆ, ಮಿಲಾನಿನ ನಿರ್ಣಯದಿಂದ ಅಂತರಜಾಲದ ಪಾಠದವರೆಗೆ, ತಡೆ ನಿರ್ಮಾಣವಾದದ್ದು ಪಠ್ಯವನ್ನು ಸಿದ್ಧಪಡಿಸಿದವರ ಕಡೆಯಲ್ಲಿ. ಸಿದ್ಧವಾದ ಮೇಲೆ ತಿದ್ದುವುದು ಕಷ್ಟ, ದುಬಾರಿ, ಸದಾ ತಡ. ಸೆಮಿಸ್ಟರಿನ ಆರಂಭದಲ್ಲಿ ಬೇಕಾದ ಪುಸ್ತಕ ಪರೀಕ್ಷೆಯ ಹಿಂದಿನ ವಾರ ಕೈಸೇರಿದರೆ ಶೇ. 5ರ ಮೀಸಲಾತಿಯು ಪ್ರವೇಶಪತ್ರವಾಗಿ ಮಾತ್ರ ಉಳಿಯುತ್ತದೆ, ಓದಾಗುವುದಿಲ್ಲ.

ಈ ದೃಷ್ಟಿಯಿಂದ ಕನ್ನಡದಲ್ಲಿ ಕೈಗೊಳ್ಳಬೇಕಾದ ಕೆಲಸ ಸ್ಪಷ್ಟವಿದೆ. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಮತ್ತು ಅಕಾಡೆಮಿಗಳು ತಮ್ಮ ಹೊಸ ಪ್ರಕಟಣೆಗಳ ಯೂನಿಕೋಡ್ ಪಠ್ಯವನ್ನು ಅಚ್ಚಿನ ಪ್ರತಿಯೊಂದಿಗೇ ಕಾಯ್ದಿಡಬೇಕು. ಹಳೆಯ ಅಕ್ಷರವಿನ್ಯಾಸದ ಕಡತಗಳನ್ನು, ಅವು ಗಣಕಗಳಲ್ಲಿ ಇನ್ನೂ ಉಳಿದಿರುವಾಗಲೇ, ಪರಿವರ್ತಿಸಬೇಕು. ಪಠ್ಯಕ್ರಮ ಸಮಿತಿಗಳು ಪುಸ್ತಕವನ್ನು ನಿಗದಿಪಡಿಸುವಾಗಲೇ ಅದು ಎಟುಕುವ ರೂಪದಲ್ಲಿ ಇದೆಯೇ ಎಂದು ಕೇಳಬೇಕು. ಧ್ವನಿಸಂಗ್ರಹಗಳಿಗೆ ಲಿಪ್ಯಂತರವನ್ನೂ ಚಿತ್ರಸಂಗ್ರಹಗಳಿಗೆ ವರ್ಣನೆಯನ್ನೂ ಸಂಶೋಧನ ಪ್ರಬಂಧದ ಅಂಗವೆಂದು ಪರಿಗಣಿಸಬೇಕು. ಇವೆಲ್ಲವನ್ನೂ ನಿರ್ಧರಿಸುವ ಸಮಿತಿಗಳಲ್ಲಿ ಅಂಗವಿಕಲ ವಿದ್ವಾಂಸರಿರಬೇಕು. ಗದಗಿನ ಆಶ್ರಮದಲ್ಲಿ ಪಾಠದ ರೂಪ ಸರಿಯಾಗಿದ್ದುದಕ್ಕೆ ಕಾರಣ, ಅದನ್ನು ರೂಪಿಸಿದವರು ಅದರ ಅಗತ್ಯವನ್ನು ತಮ್ಮ ಬದುಕಿನಿಂದಲೇ ಅರಿತಿದ್ದರು.

ಈ ಬಗೆಯ ಸಂಪುಟಗಳನ್ನು ಮುಂದೊಂದು ದಿನ ಅಂಧ ಸಂಶೋಧಕರೊಬ್ಬರು ಗಣಕದಲ್ಲಿ ತೆರೆದಾಗ ಅವರ ಕಿವಿಗೆ ಕನ್ನಡ ಬೀಳುತ್ತದೆಯೇ, ಅಕ್ಷರದ ಚೂರುಗಳು ಬೀಳುತ್ತವೆಯೇ ಎಂಬುದು ಸಂಪುಟ ಸಿದ್ಧವಾಗುವ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ.